‘ಕಾದಂಬರಿಯೇ ಚೆನ್ನಾಗಿತ್ತು’ ಅಂದಮೇಲೆ ಬರೆಯೋದಕ್ಕೆ ಏನು ಉಳಿಯುತ್ತದೆ?

(ಶಿವಮೊಗ್ಗದಲ್ಲಿ ಓದುಗ ಗೆಳೆಯರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನಲ್ಲಿ ಬಂದಿದ್ದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಪರಿಚಯ ಮಾಡಿಕೊಟ್ಟವರು ನನ್ನನ್ನು ‘ವಿಮರ್ಶಕರು’ ಅಂದುಬಿಟ್ಟರು. ಅಷ್ಟು ದೊಡ್ಡ ಕುರ್ಚಿ ನನಗೆ ಬೇಡ. ನಾನು ಬ್ಯಾಂಕಿನಲ್ಲಿ ಲೆಕ್ಕ ಬರೆದವನು. ಸಂಜೆ ಹೊತ್ತು ಕಾದಂಬರಿ ಓದುವುದು, ಸಿನಿಮಾ ನೋಡುವುದು, ರಾತ್ರಿ ಕೂತು ಅನ್ನಿಸಿದ್ದನ್ನು ನೋಟ್‌ಬುಕ್ಕಿನಲ್ಲಿ ಗೀಚುವುದು, ಇಷ್ಟು ನನ್ನ ಹವ್ಯಾಸ. ನಾಲ್ಕು ಜನ ಸ್ನೇಹಿತರು ಅದನ್ನು ಓದಿ ಜಗಳಕ್ಕೆ ಬರುತ್ತಾರೆ. ಆ ಜಗಳಗಳಿಂದ ಕಲಿತದ್ದನ್ನು ಇವತ್ತು ನಿಮ್ಮ ಮುಂದಿಡುತ್ತೇನೆ.

ನಮ್ಮಂಥವರಿಗೆ ಒಂದು ಅನುಕೂಲ ಇದೆ. ಪತ್ರಿಕೆಯ ವಿಮರ್ಶಕರು ಶುಕ್ರವಾರ ಬೆಳಗಿನ ಆಟ ನೋಡಿ ಸಂಜೆಯೊಳಗೆ ಬರೆದು ಕೊಡಬೇಕು. ಎರಡೂವರೆಯೋ ಮೂರೋ ನಕ್ಷತ್ರ ಅಂಟಿಸಬೇಕು, ಕತೆ ಬಿಟ್ಟುಕೊಡದೆ ಕತೆ ಹೇಳಬೇಕು. ನಮಗೆ ಆ ಗಡಿಬಿಡಿ ಇಲ್ಲ. 1970ರ ಸಿನಿಮಾವನ್ನು ನಿನ್ನೆ ನೋಡಿ ಇವತ್ತು ಬರೆಯಬಹುದು. ಹಿಡಿಸದಿದ್ದರೆ ಸುಮ್ಮನಿರಬಹುದು. ಇಷ್ಟು ಸ್ವಾತಂತ್ರ್ಯ ಇದ್ದೂ ನಾವೆಲ್ಲ ಬರೆಯುವುದು ಒಂದೇ ವಾಕ್ಯ: ‘ಸಿನಿಮಾ ಪರವಾಗಿಲ್ಲ, ಆದರೆ ಕಾದಂಬರಿಯೇ ಚೆನ್ನಾಗಿತ್ತು.’ (ನಗು) ನಗ್ತೀರಿ, ನಿಮ್ಮ ಡೈರಿಯಲ್ಲೂ ಇರುತ್ತೆ ನೋಡಿ.

ಆ ವಾಕ್ಯ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಬಹಳ ಸಲ ನಿಜವೇ. ತೊಂದರೆ ಏನೆಂದರೆ, ಅದು ಬಂದ ತಕ್ಷಣ ಯೋಚನೆ ನಿಂತುಹೋಗುತ್ತದೆ. ಸಿನಿಮಾ ಏನನ್ನು ಬಿಟ್ಟಿತು ಎಂದು ಲೆಕ್ಕ ಹಾಕುತ್ತೇವೆ. ಬಿಟ್ಟ ಜಾಗದಲ್ಲಿ ಏನನ್ನು ತಂದು ಕೂರಿಸಿತು ಅಂತ ಕೇಳುವುದಿಲ್ಲ. ಕಾದಂಬರಿ ಅಂದರೆ ಕತೆ ಮಾತ್ರ ಅಲ್ಲವಲ್ಲ, ಅದನ್ನು ಹೇಳುವ ಒಂದು ದನಿ ಇರುತ್ತದೆ. ತೆರೆಯ ಮೇಲೆ ಆ ದನಿ ಇಲ್ಲ. ಅದರ ಕೆಲಸವನ್ನು ಯಾರಿಗೆ ವಹಿಸಿದ್ದಾರೆ? ಒಬ್ಬ ನಟನ ಮುಖಕ್ಕೋ, ಒಂದು ವಾದ್ಯಕ್ಕೋ, ಒಂದು ಊರಿಗೋ? ನನ್ನ ಟಿಪ್ಪಣಿಗಳು ಈಗೀಗ ಈ ಒಂದು ಪ್ರಶ್ನೆಯ ಸುತ್ತಲೇ ತಿರುಗುತ್ತವೆ.

ಎಲ್ಲರೂ ನೋಡಿರುವ ಸಿನಿಮಾದಿಂದ ಶುರು ಮಾಡೋಣ. ‘ನಾಗರಹಾವು’. 1972, ಪುಟ್ಟಣ್ಣ ಕಣಗಾಲ್. ತರಾಸು ಅವರ ಮೂರು ಕಾದಂಬರಿಗಳನ್ನು, ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’, ಈ ಮೂರನ್ನೂ ಸೇರಿಸಿ ಮಾಡಿದ ಒಂದು ಸಿನಿಮಾ. ಮೂರು ಪುಸ್ತಕವನ್ನು ಮೂರು ಗಂಟೆಗೆ ಇಳಿಸುವಾಗ ಏನೇನು ಉದುರುತ್ತದೆ ಊಹಿಸಿಕೊಳ್ಳಿ. ತರಾಸು ಅವರಿಗಂತೂ ಹಿಡಿಸಲಿಲ್ಲ. ಇದು ನಾಗರಹಾವಲ್ಲ, ಕೇರೆಹಾವು ಅಂದರಂತೆ ಅನ್ನುವ ಮಾತು ಇವತ್ತಿಗೂ ಓಡಾಡುತ್ತಿದೆ. ಬರೆದವರಿಗೆ ಆ ಸಿಟ್ಟು ಸಹಜ. ಓದುಗರಾದ ನಾವು ಆ ಸಿಟ್ಟನ್ನು ಎರವಲು ತರಬೇಕಾಗಿಲ್ಲ.

ಪುಟ್ಟಣ್ಣ ಏನು ಮಾಡಿದರು ನೋಡಿ. ನಾಯಕ ರಾಮಾಚಾರಿಯ ರೋಷ, ಅವನ ಒಂಟಿತನ, ಊರಿನ ಮೇಲೆ ಅವನಿಗಿರುವ ಹಗೆ, ಇವನ್ನೆಲ್ಲ ಪುಸ್ತಕದಲ್ಲಿ ತರಾಸು ಪುಟಗಟ್ಟಲೆ ವಿವರಿಸುತ್ತಾರೆ. ಸಿನಿಮಾದಲ್ಲಿ ಆ ವಿವರಣೆಯ ಕೆಲಸವನ್ನು ಚಿತ್ರದುರ್ಗದ ಬಂಡೆಗಳು ಮಾಡುತ್ತವೆ. ಅಷ್ಟು ಕಲ್ಲು, ಅಷ್ಟು ಬಿಸಿಲು, ಅದರ ನಡುವೆ ತೆಳ್ಳಗಿನ ಹೊಸ ಹುಡುಗ ವಿಷ್ಣುವರ್ಧನ್. ಆ ಬಂಡೆಯ ಮೇಲೆ ಅವನು ನಿಂತ ಭಂಗಿ ನೋಡಿದರೆ ಸಾಕು, ಈ ಹುಡುಗ ಯಾರ ಮಾತೂ ಕೇಳುವವನಲ್ಲ ಅಂತ ಗೊತ್ತಾಗುತ್ತದೆ. ಒಬ್ಬರ ಮಾತು ಬಿಟ್ಟು. ಆ ಒಬ್ಬರು ಚಾಮಯ್ಯ ಮೇಷ್ಟ್ರು.

ಕೆ.ಎಸ್. ಅಶ್ವತ್ಥ್ ಅವರ ಮೇಷ್ಟ್ರನ್ನು ನಾವೆಲ್ಲ ದೇವರ ಹಾಗೆ ನೆನಪಿಟ್ಟುಕೊಂಡಿದ್ದೇವೆ. ಇನ್ನೊಂದು ಸಲ ನೋಡಿ. ಪ್ರೀತಿಸಿದ ಅಲಮೇಲುವನ್ನು ಬಿಟ್ಟುಬಿಡು ಅಂತ ರಾಮಾಚಾರಿಯನ್ನು ಒಪ್ಪಿಸುವವರು ಅವರೇ. ಹುಡುಗ ಗುರುವಿನ ಮಾತಿಗೆ ತಲೆಬಾಗುತ್ತಾನೆ. ಮುಂದೆ ಅವಳು ಎಲ್ಲಿ, ಯಾವ ಸ್ಥಿತಿಯಲ್ಲಿ ಸಿಗುತ್ತಾಳೆ ಅಂತ ನಿಮಗೆ ಗೊತ್ತು. ಅಲಮೇಲುವಾಗಿ ಆರತಿ ತನ್ನ ಕತೆಯನ್ನು ಹಾಡಿನಲ್ಲಿ ಹೇಳುವ ಆ ಸನ್ನಿವೇಶ. ಕೇಳುತ್ತ ನಿಂತ ರಾಮಾಚಾರಿಯ ಮುಖದಲ್ಲಿ ಅವಳ ಬಗ್ಗೆ ಮರುಕ ಇದೆ, ಅದರ ಹಿಂದೆಯೇ ಗುರುವಿನ ಮೇಲೆ ಮೊದಲ ಅನುಮಾನವೂ ಇದೆ. ಇಷ್ಟು ಪ್ರೀತಿಸುವ ಮೇಷ್ಟ್ರು ಇಷ್ಟು ದೊಡ್ಡ ಅನಾಹುತಕ್ಕೂ ಕಾರಣವಾಗಬಹುದು ಎನ್ನುವುದನ್ನು ಪುಟ್ಟಣ್ಣ ಯಾರ ಬಾಯಲ್ಲೂ ಆಡಿಸಿ ಹೇಳಿಸಬೇಕಾಗಿರಲಿಲ್ಲ, ಅಶ್ವತ್ಥರ ಮುಖದಲ್ಲಿ ಇಟ್ಟರು. ಆ ಮುಖದಲ್ಲಿ ಹೆಮ್ಮೆಯೂ ಪಶ್ಚಾತ್ತಾಪವೂ ಒಂದರ ಹಿಂದೊಂದು ಬಂದು ಹೋಗುತ್ತವೆ.

ಇಲ್ಲೇ ನನ್ನ ತಕರಾರನ್ನೂ ಹೇಳಿಬಿಡಬೇಕು. ಒನಕೆ ಓಬವ್ವನ ಹಾಡು. ಜಯಂತಿಯವರ ಓಬವ್ವ, ನೋಡಿದರೆ ಮೈ ಜುಮ್ಮೆನ್ನುತ್ತದೆ, ನನಗೂ ಅನ್ನುತ್ತದೆ. ಆದರೆ ಕತೆ ಅಲ್ಲಿ ಕೈಕಟ್ಟಿ ನಿಲ್ಲುತ್ತದೆ. ರಾಮಾಚಾರಿಯ ಸಂಕಟಕ್ಕೂ ಓಬವ್ವನ ಶೌರ್ಯಕ್ಕೂ ಗಂಟು ಬೀಳುವುದಿಲ್ಲ. ಬೀಳುವುದು ಒಂದೇ ಕಡೆ. ದುರ್ಗದ ಚರಿತ್ರೆ ತರಾಸು ಅವರ ಜೀವಮಾನದ ವಸ್ತು. 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ‘ದುರ್ಗಾಸ್ತಮಾನ’ಕ್ಕೆ. ಹಾಗೆ ನೋಡಿದರೆ ಆ ಹಾಡು ಈ ಕಾದಂಬರಿಗೆ ಸೇರಿದ್ದಲ್ಲ, ಕಾದಂಬರಿಕಾರರ ಊರಿಗೆ ಸೇರಿದ್ದು. ನನ್ನ ಗೆಳೆಯರೊಬ್ಬರು ಈ ಮಾತನ್ನು ಒಪ್ಪುವುದಿಲ್ಲ. ‘ಆ ಹಾಡು ಇಲ್ಲದಿದ್ದರೆ ನಮ್ಮ ಮಕ್ಕಳಿಗೆ ಓಬವ್ವ ಯಾರು ಅಂತ ಯಾರಯ್ಯ ಹೇಳುತ್ತಿದ್ದರು?’ ಅಂತಾರೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆದರೂ ಆ ಜಾಗದಲ್ಲಿ ಸಿನಿಮಾ ನಿಲ್ಲುತ್ತದೆ ಅಂತಲೇ ನೋಟ್‌ಬುಕ್ಕಿನಲ್ಲಿ ಉಳಿಸಿಕೊಂಡಿದ್ದೇನೆ.

ಇನ್ನು ‘ಚೋಮನ ದುಡಿ’. ಶಿವರಾಮ ಕಾರಂತರ ಕಾದಂಬರಿ 1933ರದು, ಬಿ.ವಿ. ಕಾರಂತರ ಸಿನಿಮಾ 1975ರದು. ಪುಸ್ತಕದಲ್ಲಿ ದುಡಿ ಅನ್ನುವ ಚರ್ಮವಾದ್ಯದ ಸದ್ದನ್ನು ನಾವು ಕಲ್ಪಿಸಿಕೊಳ್ಳಬೇಕು. ಕಲ್ಪನೆಗೆ ಒಂದು ಮಿತಿ ಇದೆ. ನನ್ನಂಥ ಘಟ್ಟದ ಮೇಲಿನವನಿಗೆ ದುಡಿ ಹೇಗೆ ಕೇಳುತ್ತದೆ ಅಂತಲೇ ಗೊತ್ತಿರಲಿಲ್ಲ. ಬಿ.ವಿ. ಕಾರಂತರು ರಂಗಸಂಗೀತದ ಮನುಷ್ಯ, ಅವರಿಗೆ ಕಿವಿಯೇ ಕಣ್ಣು. ಉಳುವುದಕ್ಕೆ ಒಂದು ತುಂಡು ಭೂಮಿ ಬೇಕು ಅನ್ನುವ ಚೋಮನ ಆಸೆ ಕಾದಂಬರಿಯಲ್ಲಿ ಮಾತಾಗಿಯೂ ಬರುತ್ತದೆ. ಸಿನಿಮಾದಲ್ಲಿ ಆ ಆಸೆ, ಅದು ಮುರಿದಾಗಿನ ಸಿಟ್ಟು, ಹಳ್ಳದಲ್ಲಿ ಮಗ ಮುಳುಗುವಾಗ ಮುಟ್ಟಲು ಹೇಸಿ ದಡದಲ್ಲೇ ನಿಂತ ಜನರನ್ನು ಕಂಡ ಮೇಲಿನ ದುಃಖ, ಎಲ್ಲ ಹೋಗಿ ಸೇರುವುದು ಚರ್ಮದ ಮೇಲೆ ಬೀಳುವ ಪೆಟ್ಟಿಗೆ. ಚೋಮನಾದ ಎಂ.ವಿ. ವಾಸುದೇವರಾಯರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ, ಸಿನಿಮಾಕ್ಕೆ ಶ್ರೇಷ್ಠ ಚಿತ್ರದ ಸ್ವರ್ಣಕಮಲ ಬಂತು. ವಾಸುದೇವರಾಯರು ಕಡಿಮೆ ಮಾತಾಡಿದ್ದಾರೆ, ಹೆಚ್ಚು ಬಾರಿಸಿದ್ದಾರೆ. ಕಾದಂಬರಿ ಮತ್ತೆ ಓದಿದಾಗ ನನಗೆ ಪುಟದಲ್ಲಿ ದುಡಿ ಕೇಳಿಸಿತು. ಸಿನಿಮಾದಿಂದ ಪುಸ್ತಕಕ್ಕೆ ಉಪಕಾರ ಆಗುವುದು ಹೀಗೆ.

ಈಗ ನಮ್ಮ ಜಿಲ್ಲೆಗೆ ಬರೋಣ. ‘ಸಂಸ್ಕಾರ’. ಅನಂತಮೂರ್ತಿ ಹುಟ್ಟಿದ್ದು ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ, ಕಾದಂಬರಿ ಬಂದದ್ದು 1965ರಲ್ಲಿ, ಪಟ್ಟಾಭಿರಾಮ ರೆಡ್ಡಿಯವರ ಸಿನಿಮಾ 1970ರಲ್ಲಿ. ಮೊದಲು ಸೆನ್ಸಾರ್ ತಡೆಹಿಡಿಯಿತು, ಆಮೇಲೆ ಬಿಡುಗಡೆಯಾಯಿತು, ಆಮೇಲೆ ಅದೇ ಸಿನಿಮಾಕ್ಕೆ ಶ್ರೇಷ್ಠ ಚಿತ್ರದ ರಾಷ್ಟ್ರಪ್ರಶಸ್ತಿ. ಕನ್ನಡಕ್ಕೆ ಅದೇ ಮೊದಲನೆಯದು. ಪ್ರಾಣೇಶಾಚಾರ್ಯರಾಗಿ ಗಿರೀಶ ಕಾರ್ನಾಡ್, ನಾರಣಪ್ಪನಾಗಿ ಲಂಕೇಶ್, ಚಂದ್ರಿಯಾಗಿ ಸ್ನೇಹಲತಾ ರೆಡ್ಡಿ.

ಈ ಕಾದಂಬರಿಯನ್ನು ಓದಿದವರಿಗೆ ಗೊತ್ತು, ಅದು ಎರಡು ಬೇರೆ ಬೇರೆ ವೇಗಗಳಲ್ಲಿ ನಡೆಯುತ್ತದೆ. ಮೊದಲ ಅರ್ಧದಲ್ಲಿ ಹೊರಗಿನ ಗದ್ದಲ ಜಾಸ್ತಿ. ಆಚಾರ ಬಿಟ್ಟ ನಾರಣಪ್ಪ ಸತ್ತಿದ್ದಾನೆ, ಸಂಸ್ಕಾರ ಯಾರು ಮಾಡಬೇಕು ಅಂತ ತೀರ್ಮಾನವಾಗದೆ ಹೆಣ ಹಾಗೇ ಇದೆ, ಸಂಸ್ಕಾರ ಆಗುವ ತನಕ ಅಗ್ರಹಾರದಲ್ಲಿ ಊಟವಿಲ್ಲ. ಅವನ ಜೊತೆಗಿದ್ದ ಚಂದ್ರಿ ತನ್ನ ಚಿನ್ನವನ್ನೆಲ್ಲ ತಂದು ಮುಂದಿಡುತ್ತಾಳೆ. ಅಲ್ಲಿಯ ತನಕ ‘ನನಗೆ ಬೇಡ, ನನಗೆ ಬೇಡ’ ಅನ್ನುತ್ತಿದ್ದವರ ಕಣ್ಣು ಆ ಒಡವೆಗಳ ಮೇಲೆ ಬೀಳುತ್ತದೆ. ಇದನ್ನು ಸಿನಿಮಾ ಅದ್ಭುತವಾಗಿ ಹಿಡಿದಿದೆ, ನನ್ನ ಮಟ್ಟಿಗೆ ಕಾದಂಬರಿಗಿಂತ ಒಂದು ಗುಲಗಂಜಿ ಹೆಚ್ಚೇ. ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೋವನ್. ನಮಗೆ ಮಾಮೂಲಾದ ಜಗಲಿ, ಹೆಂಚು, ಕಲ್ಲಿನ ಮೆಟ್ಟಿಲುಗಳನ್ನು ಆ ಮನುಷ್ಯ ಮೊದಲ ಸಲ ನೋಡುತ್ತಿದ್ದಾರೆ. ಅದಕ್ಕೇ ಇರಬೇಕು, ಕಪ್ಪು ಬಿಳುಪಿನಲ್ಲಿ ಆ ಮನೆಗಳೂ ಹೆಣದ ಜೊತೆ ಕಾಯುತ್ತಾ ಕೂತ ಹಾಗೆ ಕಾಣುತ್ತವೆ. ಹದ್ದುಗಳು ಬಂದು ಕೂತ ಮೇಲಂತೂ ಮಾತೇ ಬೇಡ.

ಎರಡನೆಯ ವೇಗ ಶುರುವಾಗುವುದು ಕಾಡಿನ ರಾತ್ರಿಯ ನಂತರ. ಮಾರುತಿಯ ಗುಡಿಯಲ್ಲಿ ಕಾದೂ ಕಾದೂ ಉತ್ತರ ಸಿಗದೆ ಹಿಂದಿರುಗುವ ಆಚಾರ್ಯರು, ಕತ್ತಲಲ್ಲಿ ಚಂದ್ರಿ, ಹಸಿವು, ಬಾಳೆಹಣ್ಣು. ಅಲ್ಲಿಂದ ಮುಂದೆ ಕಾದಂಬರಿ ಆಚಾರ್ಯರ ತಲೆಯೊಳಗೆ ಹೋಗಿ ಕೂತುಬಿಡುತ್ತದೆ. ಮೂರನೆಯ ಭಾಗ ಪೂರ್ತಿ ಅವರ ನಡಿಗೆ, ಪಕ್ಕದಲ್ಲಿ ಬಿಡದೆ ಮಾತಾಡುವ ಮಾಲೇರರ ಪುಟ್ಟ. ಆ ಪುಟ್ಟ ನನಗೆ ಕನ್ನಡ ಕಾದಂಬರಿಗಳಲ್ಲೇ ಬಹಳ ಪ್ರೀತಿಯ ಪಾತ್ರ. ಒಗಟು ಹಾಕುತ್ತಾನೆ, ಕಾಫಿ ಕುಡಿಯಲು ಕರೆಯುತ್ತಾನೆ, ಕೋಳಿ ಅಂಕದಲ್ಲಿ ಮೈಮರೆಯುತ್ತಾನೆ. ಇವನಿಗೆ ಪಾಪವೂ ಇಲ್ಲ, ಪ್ರಾಯಶ್ಚಿತ್ತವೂ ಇಲ್ಲ. ಇವನ ಪಕ್ಕ ನಡೆಯುವ ಆಚಾರ್ಯರಿಗೆ ಪ್ರತಿ ಹೆಜ್ಜೆಗೂ ಒಂದು ವಾದ, ಆ ವಾದಕ್ಕೆ ಒಂದು ಖಂಡನೆ. ಹೆಂಡತಿ ಸತ್ತ ಸೂತಕ ಇಟ್ಟುಕೊಂಡು ಮೇಳಿಗೆಯ ದೇವಸ್ಥಾನದ ಪಂಕ್ತಿಯಲ್ಲಿ ಕೂತಾಗ ಯಾರೋ ಗುರುತು ಹಿಡಿಯುತ್ತಾರೆ, ಎದ್ದು ಓಡುತ್ತಾರೆ.

ಸಿನಿಮಾ ಈ ಭಾಗಕ್ಕೆ ಬಂದಾಗ ಏನು ಮಾಡಬೇಕು? ತಲೆಯೊಳಗಿನ ವಾದವನ್ನು ಹಿನ್ನೆಲೆಯ ದನಿಯಲ್ಲಿ ಓದಿಸಿದರೆ ಆಕಾಶವಾಣಿಯ ನಾಟಕ ಆಗುತ್ತದೆ. ಹಾಗಾಗಿ ಆ ಭಾರವೆಲ್ಲ ಕಾರ್ನಾಡರ ಮುಖದ ಮೇಲೆ ಬಿತ್ತು. ಆಗ ಅವರಿಗೆ ಮೂವತ್ತೆರಡರ ಆಸುಪಾಸು. ಮುಖ ಸುಂದರ, ಕಣ್ಣು ಚುರುಕು. ಆದರೆ ಆ ಮುಖದಲ್ಲಿ ನನಗೆ ಕಾಣುವುದು ಗೊಂದಲಕ್ಕೆ ಬಿದ್ದ ಒಬ್ಬ ಬುದ್ಧಿವಂತ. ಕಾದಂಬರಿಯಲ್ಲಿ ಇರುವವರು ತಮ್ಮ ಇಡೀ ವಿದ್ಯೆ ಕೈಕೊಟ್ಟ ಒಬ್ಬ ಪಂಡಿತರು. ಈ ಎರಡರ ನಡುವೆ ದೂರ ಇದೆ. ಜಾತ್ರೆಗೆ ಬಂದಾಗ ಸಿನಿಮಾ ಜಾತ್ರೆಯನ್ನು ನೋಡುತ್ತದೆ. ಕಾದಂಬರಿ, ಜಾತ್ರೆಯನ್ನು ಕಂಡು ಹೆದರಿದವರನ್ನು ನೋಡುತ್ತದೆ. ‘ಕಾದಂಬರಿಯೇ ಚೆನ್ನಾಗಿತ್ತು’ ಅಂತ ನಾನು ಬರೆಯುವುದಾದರೆ ಇಷ್ಟು ಪುಟಗಳ ಬಗ್ಗೆ ಮಾತ್ರ ಬರೆಯುತ್ತೇನೆ, ಉಳಿದ ಸಿನಿಮಾಕ್ಕೆ ಆ ಮಾತು ಸಲ್ಲದು.

ಇದಕ್ಕಿಂತ ಸೂಕ್ಷ್ಮವಾದ ಒಂದು ವಿಷಯ ಇದೆ, ನಗು. ದನಿ ಬದಲಾದರೆ ಮೊದಲು ಸಾಯುವುದು ನಗು. ತೇಜಸ್ವಿಯವರ ‘ಅಬಚೂರಿನ ಪೋಸ್ಟಾಫೀಸು’ ಸಂಕಲನ ಬಂದದ್ದು 1973ರಲ್ಲಿ. ಆ ಒಂದು ತೆಳ್ಳಗಿನ ಪುಸ್ತಕದಿಂದ ನಾಲ್ಕು ಸಿನಿಮಾ ಬಂದಿವೆ: ಎನ್. ಲಕ್ಷ್ಮೀನಾರಾಯಣ ಅವರ ‘ಅಬಚೂರಿನ ಪೋಸ್ಟಾಫೀಸು’, ಗಿರೀಶ ಕಾಸರವಳ್ಳಿಯವರ ‘ತಬರನ ಕಥೆ’, ಸದಾನಂದ ಸುವರ್ಣ ಅವರ ‘ಕುಬಿ ಮತ್ತು ಇಯಾಲ’, ಮೊನ್ನೆ ಮೊನ್ನೆ 2023ರಲ್ಲಿ ಶಶಾಂಕ್ ಸೋಗಾಲ್ ಅವರ ‘ಡೇರ್‌ಡೆವಿಲ್ ಮುಸ್ತಾಫಾ’. ಒಬ್ಬನೇ ಲೇಖಕ, ಒಂದೇ ಪುಸ್ತಕ, ನಾಲ್ಕು ಥರದ ನಿರ್ದೇಶಕರು. ನಮ್ಮಂಥ ಹವ್ಯಾಸಿಗಳಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕಾ?

ತಬರನನ್ನು ತೆಗೆದುಕೊಳ್ಳಿ. ಪೆನ್ಷನ್ನಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ಬಡ ನೌಕರ, ಮನೆಯಲ್ಲಿ ಸಕ್ಕರೆ ಕಾಯಿಲೆಯಿಂದ ಕಾಲು ಕೊಳೆಯುತ್ತಿರುವ ಹೆಂಡತಿ. ಕತೆ ಘೋರವಾದದ್ದು. ಆದರೆ ತೇಜಸ್ವಿ ಅದನ್ನು ಹೇಳುವಾಗ ತುಟಿಯಂಚಿನಲ್ಲಿ ಒಂದು ವ್ಯಂಗ್ಯ ಇಟ್ಟುಕೊಂಡೇ ಹೇಳುತ್ತಾರೆ. ಸರ್ಕಾರ ಅನ್ನುವುದು ಅವರಿಗೆ ದುಷ್ಟ ಅಲ್ಲ, ಹುಚ್ಚು. ಓದುತ್ತ ನಗುತ್ತೇವೆ, ನಕ್ಕದ್ದಕ್ಕೆ ನಾಚಿಕೊಳ್ಳುತ್ತೇವೆ. ಕಾಸರವಳ್ಳಿ ಆ ನಗುವನ್ನು ಹೆಚ್ಚು ಕಡಿಮೆ ಪೂರ್ತಿ ಬಿಟ್ಟಿದ್ದಾರೆ. ಅದರ ಜಾಗದಲ್ಲಿ ಚಾರುಹಾಸನ್ ಅವರ ನಡಿಗೆ ಬಂದಿದೆ. ಕೈಯಲ್ಲಿ ಕಾಗದಗಳು, ಕಚೇರಿಯ ಬಾಗಿಲಲ್ಲಿ ಬಗ್ಗಿದ ಬೆನ್ನು, ಇನ್ನೊಬ್ಬರ ಮುಖ ಓದಲು ಮೇಲೆತ್ತಿದ ಕಣ್ಣು. ಆ ನಡಿಗೆ ಸಿನಿಮಾ ಮುಂದುವರಿದಂತೆ ನಿಧಾನವಾಗುತ್ತ ಹೋಗುತ್ತದೆ. 1986ನೇ ಸಾಲಿನ ಶ್ರೇಷ್ಠ ನಟ ಪ್ರಶಸ್ತಿ ಅವರಿಗೆ, ಸ್ವರ್ಣಕಮಲ ಸಿನಿಮಾಕ್ಕೆ. ಕಟುಕನ ಹತ್ತಿರ ಹೋಗಿ ನನ್ನ ಹೆಂಡತಿಯ ಕಾಲು ಕತ್ತರಿಸಿಕೊಡು ಅಂತ ಬೇಡುವ ಜಾಗಕ್ಕೆ ಬಂದಾಗ, ನಗುವಿಗೆ ಅವಕಾಶ ಇಲ್ಲದ್ದು ಒಳ್ಳೆಯದೇ ಆಯಿತು ಅನ್ನಿಸಿತು. ಆದರೂ ತೇಜಸ್ವಿಯ ಓದುಗನಾಗಿ ನನಗೆ ಒಂದು ಕೊರತೆ ಉಳಿದೇ ಇದೆ. ಅಳು ಬರಿಸಿದ ಸರ್ಕಾರದ ಮೇಲೆ ಸಿಟ್ಟು ಬರುತ್ತದೆ. ನಗು ಬರಿಸಿದ ಸರ್ಕಾರದ ಮೇಲೆ ಬರುವ ಸಿಟ್ಟು ಬೇರೆಯದು, ಅದು ಬೇಗ ಆರುವುದಿಲ್ಲ.

‘ಡೇರ್‌ಡೆವಿಲ್ ಮುಸ್ತಾಫಾ’ದ ಹುಡುಗರು ಉಲ್ಟಾ ಮಾಡಿದರು. ತೇಜಸ್ವಿ ಅಭಿಮಾನಿಗಳೇ ಕೈಯಿಂದ ದುಡ್ಡು ಹಾಕಿ ತೆಗೆದ ಸಿನಿಮಾ ಅದು. ಅವರು ನಗುವನ್ನು ಬಿಗಿಯಾಗಿ ಹಿಡಿದುಕೊಂಡರು. ಕಾಲೇಜಿಗೆ ಬಂದ ಒಬ್ಬ ಮುಸ್ಲಿಂ ಹುಡುಗನ ಬಗ್ಗೆ ಉಳಿದವರು ಕಟ್ಟಿಕೊಳ್ಳುವ ಕಲ್ಪನೆಗಳು, ಭಯ, ಆಮೇಲೆ ಕ್ರಿಕೆಟ್. ಒಂದು ಸಣ್ಣ ಕತೆಯನ್ನು ಪೂರ್ತಿ ಸಿನಿಮಾ ಮಾಡಲು ಬಹಳಷ್ಟು ಸೇರಿಸಿದ್ದಾರೆ. ನಡುವೆ ಒಂದಿಷ್ಟು ಎಳೆತ ಇದೆ, ಕೆಲವು ಜೋಕು ತೇಜಸ್ವಿಯವರದಲ್ಲ, ಹಾಸ್ಟೆಲ್ಲಿನದು. ಆದರೆ ಪೂರ್ವಗ್ರಹವನ್ನು ಬೈಯುವುದಕ್ಕಿಂತ ಗೇಲಿ ಮಾಡಿದರೆ ಅದು ಹೆಚ್ಚು ಕುಗ್ಗುತ್ತದೆ ಅನ್ನುವ ತೇಜಸ್ವಿಯವರ ದಾರಿ ಈ ಹುಡುಗರಿಗೆ ಅರ್ಥವಾಗಿದೆ. ಕಲಾತ್ಮಕವಾಗಿ ‘ತಬರನ ಕಥೆ’ ಬಹಳ ಎತ್ತರದ್ದು, ಅನುಮಾನವೇ ಇಲ್ಲ. ಆದರೆ ತೇಜಸ್ವಿಯ ದನಿ ಎಲ್ಲಿದೆ ಅಂತ ಕೇಳಿದರೆ ಮುಸ್ತಾಫಾನ ಕಡೆ ಕೈ ತೋರಿಸುತ್ತೇನೆ.

ವೈದೇಹಿಯವರ ಕತೆಯಿಂದ ಕಾಸರವಳ್ಳಿ ಮಾಡಿದ ‘ಗುಲಾಬಿ ಟಾಕೀಸು’ ಬಗ್ಗೆ ಎರಡೇ ಮಾತು. ಕತೆಯಲ್ಲಿ ಟಾಕೀಸು ಊರಿಗೆ ಬರುತ್ತದೆ, ಸಿನಿಮಾದಲ್ಲಿ ಟೀವಿ ಮನೆಗೆ ಬರುತ್ತದೆ. ಕಾಲವನ್ನು ಕಾರ್ಗಿಲ್ ಯುದ್ಧದ ಆಸುಪಾಸಿಗೆ ತಂದಿದ್ದಾರೆ, ಗುಲಾಬಿ ಮೀನುಗಾರರ ನಡುವೆ ಬದುಕುವ ಮುಸ್ಲಿಂ ಸೂಲಗಿತ್ತಿ. ಉಮಾಶ್ರೀ ಟೀವಿ ನೋಡುವಾಗಿನ ಆ ಬಾಯ್ತೆರೆದ ಖುಷಿಗಾಗಿಯೇ ನಾನು ಆ ಸಿನಿಮಾವನ್ನು ಮತ್ತೆ ನೋಡಬಲ್ಲೆ. ಇಷ್ಟೆಲ್ಲ ಬದಲಾಯಿಸಿದ ಮೇಲೆ ಕತೆಗೆ ನಿಷ್ಠೆ ಎಷ್ಟು ಅಂತ ಅಳೆಯಲು ಹೊರಟವರ ತಕ್ಕಡಿಯೇ ಮುರಿದುಹೋಗುತ್ತದೆ.

ಇಷ್ಟು ಹೇಳಿ ಮಾತು ನಿಲ್ಲಿಸಿದೆ. ಆಮೇಲೆ ಪ್ರಶ್ನೆಗಳು ಬಂದವು.

ಒಬ್ಬರು ಮೇಡಂ ಕೇಳಿದರು: ‘ಮೊದಲು ಓದಬೇಕಾ ಸರ್, ಮೊದಲು ನೋಡಬೇಕಾ?’

ಓದಿ ಅಂತಲೇ ನನ್ನ ಸಲಹೆ, ಕಾರಣ ಮಾತ್ರ ಬೇರೆ. ಸಿನಿಮಾ ಮೊದಲು ನೋಡಿದರೆ ಮುಖಗಳು ಅಂಟಿಕೊಳ್ಳುತ್ತವೆ. ‘ನಾಗರಹಾವು’ ಪುಸ್ತಕ ಹಿಡಿದರೆ ನನಗೆ ಅಶ್ವತ್ಥರನ್ನು ಬಿಟ್ಟು ಇನ್ನೊಬ್ಬ ಮೇಷ್ಟ್ರು ಕಾಣುವುದೇ ಇಲ್ಲ, ತರಾಸು ಏನೇ ಬರೆದಿರಲಿ. ತ್ರಿವೇಣಿಯವರ ‘ಶರಪಂಜರ’ ಓದುವಾಗ ಕಾವೇರಿಯ ದನಿ ಕಲ್ಪನಾ ಅವರದೇ ಆಗಿಬಿಡುತ್ತದೆ. ತ್ರಿವೇಣಿ ಬರೆದದ್ದು ಮೆಲುದನಿಯಲ್ಲಿ. ಆಸ್ಪತ್ರೆಯಿಂದ ಗುಣವಾಗಿ ಬಂದವಳನ್ನು ಮನೆಯವರು ಮೊದಲಿನ ಹಾಗೆ ನೋಡದೆ ಇರುವುದು, ಅದರ ಸಣ್ಣ ಸಣ್ಣ ಗಾಯಗಳು ಆ ಪುಸ್ತಕದ ಜೀವ. ಕಲ್ಪನಾ ಅವರ ಅಭಿನಯ ದೊಡ್ಡ ಅಭಿನಯ, ಆದರೆ ಏರುದನಿಯದು. ಪುಸ್ತಕ ಮೊದಲು ಓದಿದ್ದರೆ ಎರಡು ದನಿಯೂ ನಿಮ್ಮ ಹತ್ತಿರ ಉಳಿಯುತ್ತವೆ.

ಕಾಲೇಜು ಹುಡುಗನೊಬ್ಬ ಕೇಳಿದ: ‘ನೋಡಿ ಬಂದು ಬರೆಯಲು ಕೂತರೆ ಕತೆ ಬಿಟ್ಟು ಬೇರೇನೂ ತೋಚುವುದಿಲ್ಲ, ಏನು ಮಾಡಲಿ?’

ಕತೆ ಬರೆಯಬೇಡಪ್ಪ, ಅದು ಎಲ್ಲರಿಗೂ ಗೊತ್ತಿರುತ್ತೆ, ಇಲ್ಲವಾದರೆ ನೋಡಿಯೇ ಗೊತ್ತಾಗಲಿ. ಮನೆಗೆ ಬರುವ ದಾರಿಯಲ್ಲಿ ತಾನಾಗಿ ನೆನಪಿಗೆ ಬಂದ ಒಂದು ದೃಶ್ಯ ಹಿಡಿ. ಅದರಲ್ಲಿ ಯಾರು ಎಲ್ಲಿ ನಿಂತಿದ್ದರು, ಏನು ಸದ್ದಿತ್ತು, ಯಾರು ಮಾತಾಡಲಿಲ್ಲ, ಅಷ್ಟು ಬರೆ. ಎಲ್ಲಿ ವಾಚು ನೋಡಿಕೊಂಡೆ ಅನ್ನುವುದನ್ನೂ ಬರೆ, ಮುಚ್ಚಿಡಬೇಡ. ಅಭಿಪ್ರಾಯ ಅದರ ಬಾಲ ಹಿಡಿದು ಬರುತ್ತೆ.

ಸಾಗರದಿಂದ ಬಂದಿದ್ದ ಹಿರಿಯರೊಬ್ಬರಿಗೆ ಸ್ವಲ್ಪ ಅಸಮಾಧಾನ ಇತ್ತು: ‘ಹಾಗಾದರೆ ನಿರ್ದೇಶಕ ಕೊನೆಯನ್ನೇ ಬದಲಾಯಿಸಿದರೂ ನೀವು ಸುಮ್ಮನಿರ್ತೀರಾ? ನಮ್ಮ ನಾ. ಡಿಸೋಜರ ದ್ವೀಪಕ್ಕೆ ಆದದ್ದು ಅದೇ ಅಲ್ಲವಾ?’

ಹೌದು ಸರ್, ಕಾದಂಬರಿಯ ಕೊನೆ ಬೇರೆ, ಕಾಸರವಳ್ಳಿಯವರ 2002ರ ಸಿನಿಮಾದ ಕೊನೆ ಬೇರೆ. ನಾನು ಸುಮ್ಮನಿರುವುದಿಲ್ಲ, ಬದಲಾದ ಕೊನೆ ಯಾರ ಪರ ನಿಂತಿದೆ ಅಂತ ಕೇಳುತ್ತೇನೆ. ಅಣೆಕಟ್ಟಿನಿಂದಾಗಿ ಶರಾವತಿಯ ನೀರು ಏರುತ್ತಿರುವಾಗ ಮನೆಯನ್ನು ಉಳಿಸಿಕೊಂಡವಳು ನಾಗಿ. ಗಂಡ ಗಣಪ ಆ ಪುಣ್ಯವನ್ನೆಲ್ಲ ದೇವರ ಲೆಕ್ಕಕ್ಕೆ ಬರೆಯುತ್ತಾನೆ. ನಾಗಿಯಾದ ನಟಿ ಸೌಂದರ್ಯ ಅದನ್ನು ಕೇಳಿಸಿಕೊಳ್ಳುವ ರೀತಿ ಇದೆಯಲ್ಲ, ಅದು ಮುಳುಗಡೆಯ ಕತೆಯನ್ನು ಮನೆಯೊಳಗಿನ ಕತೆ ಮಾಡುತ್ತದೆ. ಮುಳುಗಡೆಯ ಊರಿನವರಾದ ನಿಮಗೆ ಅದರಿಂದ ಸಿಟ್ಟು ಬಂದರೆ ಆ ಸಿಟ್ಟಿಗೆ ಹಕ್ಕಿದೆ. ನೀರಿಗೆ ಕಾರಣವಾದ ಸರ್ಕಾರ ಅಷ್ಟರಮಟ್ಟಿಗೆ ಹಿಂದೆ ಸರಿಯಿತಲ್ಲ ಅಂತ ನೀವು ಬರೆಯಿರಿ. ನಾನು ನಾಗಿಯ ಕಡೆಯಿಂದ ಬರೆಯುತ್ತೇನೆ. (ಹಿರಿಯರು ತಲೆಯಾಡಿಸಿದರು, ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ.)

ಕೊನೆಯ ಪ್ರಶ್ನೆ, ಮುಂದಿನ ಕೂಟಕ್ಕೆ ಯಾವುದನ್ನು ಇಟ್ಟುಕೊಳ್ಳೋಣ ಎಂದು. ನನ್ನ ಸೂಚನೆ ‘ಘಟಶ್ರಾದ್ಧ’. ಬರೆದವರು ಮೇಳಿಗೆಯ ಕಡೆಯವರು, ತೆಗೆದವರು ಕೆಸಲೂರಿನವರು, ಎರಡೂ ತೀರ್ಥಹಳ್ಳಿ ತಾಲ್ಲೂಕೇ. 1977ರ ಆ ಕಪ್ಪು ಬಿಳುಪು ಸಿನಿಮಾ ಕಾಸರವಳ್ಳಿಯವರ ಮೊದಲ ಚಿತ್ರ. ಅದರ ಪ್ರತಿಯನ್ನು ಈಚೆಗೆ ಶುಚಿಮಾಡಿ ಜೀರ್ಣೋದ್ಧಾರ ಮಾಡಿದ್ದಾರೆ, 2024ರಲ್ಲಿ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ತೋರಿಸಿದರು. ಅನಂತಮೂರ್ತಿಯವರ ಕತೆ ಒಂದು ಸಂಜೆಯಲ್ಲಿ ಓದಿ ಮುಗಿಸುವಷ್ಟೇ ಇದೆ. ಓದಿಕೊಂಡು ಬನ್ನಿ. ಯಮುನಕ್ಕನ ಕಷ್ಟ ಎಲ್ಲರಿಗೂ ಕಾಣುತ್ತದೆ, ಅದನ್ನು ನಾನು ಕೇಳುವುದಿಲ್ಲ. ನಾಣಿ ಅನ್ನುವ ಆ ಪುಟ್ಟ ಹುಡುಗನಿಗೆ ಎಷ್ಟು ಅರ್ಥವಾಗಿತ್ತು, ಅವಳು ಹುತ್ತಕ್ಕೆ ಕೈ ಹಾಕಿದ ಹೊತ್ತಿಗೆ ಕ್ಯಾಮೆರಾ ಎಷ್ಟು ದೂರದಲ್ಲಿತ್ತು, ಅಷ್ಟನ್ನು ಬರೆದುಕೊಂಡು ಬನ್ನಿ.